ಹೆಸರು ಸುಳ್ಳು, ಆಟ ನಿಜ: ಹೊರಗಿನವರು ಕಟ್ಟಿದ ‘ಕ್ರಿಕೆಟ್ 07’

ಹೆಸರಾದ ವಿಡಿಯೋ ಗೇಮ್ ಸರಣಿಯ ಮುಂದಿನ ಆಟವನ್ನು ಹಕ್ಕುದಾರ ಕಂಪನಿ ತಾನೇ ಮಾಡದೆ ಹೊರಗಿನ ಸ್ವತಂತ್ರ ಸ್ಟುಡಿಯೋ ಒಂದಕ್ಕೆ ವಹಿಸುವುದು ಈ ಉದ್ಯಮದಲ್ಲಿ ಹಳೆಯ ರೂಢಿ. ಅದಕ್ಕೆ ಸಿಗುತ್ತಿರುವ ಹೊಗಳಿಕೆ ಮಾತ್ರ ಹೊಸದು. 2017ರಲ್ಲಿ ಸೆಗಾದ ‘ಸಾನಿಕ್ ಮೇನಿಯಾ’, 2019ರಲ್ಲಿ ನಿಂಟೆಂಡೊ ಒಪ್ಪಿಗೆಯಿಂದ ಕೆನಡಾದ ವ್ಯಾಂಕೂವರ್ ನಗರದ ಸ್ಟುಡಿಯೋ ಮಾಡಿದ ‘ಕೇಡೆನ್ಸ್ ಆಫ್ ಹೈರೂಲ್’, 2020ರಲ್ಲಿ ಪ್ಯಾರಿಸ್ಸಿನಿಂದ ಬಂದ ‘ಸ್ಟ್ರೀಟ್ಸ್ ಆಫ್ ರೇಜ್ 4’ ಒಂದರ ಹಿಂದೆ ಒಂದು ಗೆದ್ದವು. ಅಂದಿನಿಂದ ದೊಡ್ಡ ಕಂಪನಿಯ ಔದಾರ್ಯ, ಚಿಕ್ಕ ಸ್ಟುಡಿಯೋದ ಅಭಿಮಾನ ಎಂಬ ಎರಡು ಮಾತು ವಿಮರ್ಶೆಗಳಲ್ಲಿ ತಪ್ಪದೆ ಬರುತ್ತಿವೆ. ಭಾರತದ ಒಂದು ತಲೆಮಾರು ಆಡಿ ಬೆಳೆದ ಕ್ರಿಕೆಟ್ ಆಟವನ್ನು ಮುಂದಿಟ್ಟುಕೊಂಡು ನೋಡಿದರೆ ಈ ಎರಡು ಮಾತಿನಲ್ಲಿ ಒಂದೂ ನಿಲ್ಲುವುದಿಲ್ಲ.

ಮೊದಲು ‘ಸಾನಿಕ್ ಮೇನಿಯಾ’. ಆಸ್ಟ್ರೇಲಿಯದ ಕ್ರಿಶ್ಚಿಯನ್ ವೈಟ್‌ಹೆಡ್, ಹೆಡ್‌ಕ್ಯಾನನ್, ಪಗೋಡಾವೆಸ್ಟ್ ಸೇರಿ ಮಾಡಿದ ಈ ಆಟ ಚೆನ್ನಾಗಿದೆ ಎಂಬುದರಲ್ಲಿ ತಕರಾರಿಲ್ಲ. ಅಭಿಮಾನಿಗಳ ಕೈಗೆ ಬೀಗದ ಕೈ ಕೊಟ್ಟರು ಎಂಬ ಕಥೆಯಲ್ಲಿ ತಕರಾರಿದೆ. ಆಟದ 12 ವಲಯಗಳಲ್ಲಿ 8 ಹಳೆಯ ಸಾನಿಕ್ ಆಟಗಳಿಂದ ಬಂದವು. ಹೊಸದಾಗಿ ಕಟ್ಟಿದವು 4. ‘ಕೆಮಿಕಲ್ ಪ್ಲಾಂಟ್’ ವಲಯದ ಎರಡನೆಯ ಅಂಕದ ಕೊನೆಯಲ್ಲಿ ಓಟ ಇದ್ದಕ್ಕಿದ್ದಂತೆ ನಿಂತು, ಮೇಲಿನಿಂದ ಬೀಳುವ ಬಣ್ಣದ ಕಾಳುಗಳನ್ನು ಜೋಡಿಸಿ ಖಳನಾಯಕ ರೋಬೋಟ್ನಿಕ್‌ನನ್ನು ಸೋಲಿಸುವ ಪಂದ್ಯ ಶುರುವಾಗುತ್ತದೆ. ವಿಮರ್ಶಕರು ಇದನ್ನು 1993ರ ‘ಮೀನ್ ಬೀನ್ ಮೆಷಿನ್’ಗೆ ಸಲ್ಲಿಸಿದ ನಮಸ್ಕಾರ ಎಂದು ಕೊಂಡಾಡಿ ಮುಂದೆ ಹೋದರು. ಆದರೆ ಆ 1993ರ ಆಟವೇ ಹೊರಗಿನ ಸರಕು. ಜಪಾನಿನ ಕಂಪೈಲ್ ಸಂಸ್ಥೆಯ ‘ಪುಯೊ ಪುಯೊ’ಗೆ ಪಾಶ್ಚಾತ್ಯ ಮಾರುಕಟ್ಟೆಗಾಗಿ ಸಾನಿಕ್ ಲೋಕದ ಮುಖವಾಡ ತೊಡಿಸಿ ಸೆಗಾ ಅದನ್ನು ಮಾರಿತ್ತು. ಅಂದರೆ ಸರಣಿ ತನ್ನ ನೆನಪೆಂದು ಮೆರೆಸುವ ಘಳಿಗೆಯೊಂದು ಅದರ ಮನೆಯಲ್ಲಿ ಹುಟ್ಟಿದ್ದಲ್ಲ. ಹೊರಗಿನವರ ದುಡಿಮೆ ಈ ಸರಣಿಗೆ ಮೊದಲಿನಿಂದಲೂ ಬೇಕಾಗಿತ್ತು. ಹೊರಗಿನವರ ಹೆಸರನ್ನು ಮುಂದಿಟ್ಟುಕೊಂಡರೆ ಮಾರಾಟಕ್ಕೆ ಒಳ್ಳೆಯದೆಂದು ಕಂಡದ್ದು ಮಾತ್ರ 2017ರಲ್ಲಿ. 2022ರ ‘ಸಾನಿಕ್ ಒರಿಜಿನ್ಸ್’ ಸಂಗ್ರಹದಲ್ಲಿ ಅದೇ ಹೆಡ್‌ಕ್ಯಾನನ್ ಮತ್ತೆ ಬರಿಯ ಗುತ್ತಿಗೆದಾರ. ತಾವು ಒಪ್ಪಿಸಿದ ಕೆಲಸಕ್ಕೂ ಅಂಗಡಿಗೆ ಬಂದ ಆಟಕ್ಕೂ ವ್ಯತ್ಯಾಸವಿದೆ ಎಂದು ಅದರ ಸೈಮನ್ ಥಾಮ್ಲಿ ಬಹಿರಂಗವಾಗಿಯೇ ಬೇಸರ ಹೇಳಿಕೊಂಡರು. ಔದಾರ್ಯದ ಆಯುಸ್ಸು ಐದು ವರ್ಷ.

ಇಎ ಸ್ಪೋರ್ಟ್ಸ್‌ನ ಕ್ರಿಕೆಟ್ ಸರಣಿಯಲ್ಲಿ ಇಂಥ ಕಥೆಯನ್ನೇ ಯಾರೂ ಹೇಳಲಿಲ್ಲ. 1990ರ ದಶಕದ ಮೊದಲ ಆಟಗಳು ಮೆಲ್ಬರ್ನಿನ ಬೀಮ್ ಸಾಫ್ಟ್‌ವೇರ್‌ನವು. ‘ಕ್ರಿಕೆಟ್ ವರ್ಲ್ಡ್ ಕಪ್ 99’ ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿಯದು, ‘ಕ್ರಿಕೆಟ್ 2002’ ಬ್ರಿಸ್ಬೇನಿನ ಕ್ರೋಮ್ ಸ್ಟುಡಿಯೋಸ್‌ನದು. ‘ಕ್ರಿಕೆಟ್ 2004’, ‘2005’ ಮತ್ತು 2006ರ ನವೆಂಬರಿನಲ್ಲಿ ಬಂದ ‘ಕ್ರಿಕೆಟ್ 07’ ಕೆನಡಾದ ನೋವಾ ಸ್ಕೋಶಿಯಾ ಪ್ರಾಂತ್ಯದ ಲೂನೆನ್‌ಬರ್ಗ್‌ನಲ್ಲಿದ್ದ ಎಚ್‌ಬಿ ಸ್ಟುಡಿಯೋಸ್‌ನವು. ಪೆಟ್ಟಿಗೆಯ ಮೇಲೆ ಎದ್ದು ಕಂಡದ್ದು ಇಎ ಎಂಬ ಎರಡಕ್ಷರ. ದೆಹಲಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಈ ಆಟ ಆಡಿದವರನ್ನು ಎಚ್‌ಬಿ ಎಂದರೇನು ಎಂದು ಕೇಳಿದರೆ ಪೆನ್ಸಿಲ್ ಎಂಬ ಉತ್ತರ ಬಂದೀತು.

‘ಕ್ರಿಕೆಟ್ 07’ ಇಂಗ್ಲೆಂಡ್, ಆಸ್ಟ್ರೇಲಿಯ ನಡುವಿನ ಆ್ಯಶಸ್ ಟೆಸ್ಟ್ ಸರಣಿಗಾಗಿ ಮಾಡಿದ ಆಟ. ರಿಚಿ ಬೆನೊ, ಮಾರ್ಕ್ ನಿಕೊಲಸ್ ಅವರ ವೀಕ್ಷಕ ವಿವರಣೆ, ಬ್ರಿಟನ್ನಿನ ಪೆಟ್ಟಿಗೆಯ ಮೇಲೆ ಫ್ಲಿಂಟಾಫ್ ಚಿತ್ರ. ಇಂಗ್ಲೆಂಡ್, ಆಸ್ಟ್ರೇಲಿಯ ಆಟಗಾರರಿಗೆ ಅಸಲಿ ಹೆಸರಿತ್ತು. ಭಾರತ ತಂಡದ ಪರವಾನಗಿ ಇಲ್ಲದ್ದರಿಂದ ನಮ್ಮವರ ಹೆಸರುಗಳನ್ನೆಲ್ಲ ತಿರುಚಲಾಗಿತ್ತು. ಆಗ ಭಾರತದ ನಾಯಕ ದ್ರಾವಿಡ್, ಹಿರಿಯ ಬೌಲರ್ ಕುಂಬ್ಳೆ. ಆಟದಲ್ಲಿ ಇಬ್ಬರೂ ತಮ್ಮ ಹೆಸರಿನಲ್ಲಿ ಇರಲಿಲ್ಲ.

ದೋಷಗಳೂ ಇದ್ದವು. ಚೆಂಡು ಎಲ್ಲಿ ಬೀಳಲಿದೆ ಎಂಬುದನ್ನು ಬೌಲರ್ ಗುರುತಿಸುವ ಚಿಹ್ನೆ ಪಿಚ್ ಮೇಲೆ ಬ್ಯಾಟ್ಸ್‌ಮನ್‌ಗೂ ಕಾಣುತ್ತದೆ. ಬೌಲರ್ ಓಡಿ ಬರುವ ಹೊತ್ತಿಗೇ ಮುಂಗಾಲೋ ಹಿಂಗಾಲೋ ಎಂದು ತೀರ್ಮಾನಿಸಬಹುದು. ಕೈ ಸ್ವಲ್ಪ ಪಳಗಿದರೆ ಸಾಕು, ಚೆಂಡು ಬೌಂಡರಿ ಆಚೆಗೆ. ಐದು ದಿನದ ಟೆಸ್ಟಿನ ತಾಳ್ಮೆಯನ್ನು ಬಯಸುವ ಆಟಕ್ಕೆ ಇದು ಸಣ್ಣ ಕೊರತೆಯಲ್ಲ. ಎರಡು ಅನಲಾಗ್ ಕಡ್ಡಿಗಳಿಂದ ಕಾಲನ್ನೂ ಬ್ಯಾಟನ್ನೂ ಬೇರೆ ಬೇರೆ ಆಡಿಸುವ ‘ಸೆಂಚುರಿ ಸ್ಟಿಕ್’ ಎಂಬ ಹೊಸ ವಿಧಾನವನ್ನು ಇಎ ದೊಡ್ಡದಾಗಿ ಸಾರಿತ್ತು. ಕೀಬೋರ್ಡಿನಲ್ಲೇ ಆಡಿದ ಭಾರತದ ಬಹುಪಾಲು ಜನಕ್ಕೆ ಅದು ಇದ್ದೂ ಇಲ್ಲದಂತೆ.

ಹೆಸರಿಲ್ಲದ, ದೋಷವುಳ್ಳ ಈ ಆಟ ಭಾರತದಲ್ಲಿ ಇಷ್ಟು ಕಾಲ ಬದುಕಿದ್ದು ಹೇಗೆ ಎಂಬುದೇ ವಿಮರ್ಶೆ ಕೇಳಬೇಕಾದ ಪ್ರಶ್ನೆ. ಉತ್ತರದ ಒಂದು ಭಾಗ ದೆಹಲಿಯ ನೆಹರೂ ಪ್ಲೇಸ್‌ನಲ್ಲಿ, ಕನಾಟ್ ಪ್ಲೇಸ್ ನೆಲದಡಿಯ ಪಾಲಿಕಾ ಬಜಾರ್‌ನಲ್ಲಿ ಇದೆ. ಅಮೆರಿಕದ ವಾಣಿಜ್ಯ ಪ್ರತಿನಿಧಿ ಕಚೇರಿಯ ಕುಖ್ಯಾತ ಮಾರುಕಟ್ಟೆಗಳ ಪಟ್ಟಿಯಲ್ಲಿ ಈ ಎರಡೂ ಹೆಸರು ಬಂದದ್ದುಂಟು. ಅಲ್ಲಿ ಪ್ಲಾಸ್ಟಿಕ್ ಲಕೋಟೆಯ ಸಿ.ಡಿ.ಗಳಲ್ಲಿ ಕೈಬದಲಾದದ್ದು 2006ರ ಮೂಲ ಆಟವಷ್ಟೇ ಅಲ್ಲ, ಅಭಿಮಾನಿಗಳು ತಿದ್ದಿ ‘ಪ್ಯಾಚ್’ ಹಾಕಿದ ಆಟ. ಪ್ಯಾಚ್‌ನ ಮೊದಲ ಕೆಲಸ ನಮ್ಮ ಆಟಗಾರರಿಗೆ ಅವರವರ ಹೆಸರು ವಾಪಸು ಕೊಡುವುದು. 2008ರ ಏಪ್ರಿಲ್‌ನಲ್ಲಿ ಐಪಿಎಲ್ ಶುರುವಾದ ಮೇಲೆ ಕೆಲಸ ದೊಡ್ಡದಾಯಿತು: ಡೆಲ್ಲಿ ಡೇರ್‌ಡೆವಿಲ್ಸ್, ರಾಯಲ್ ಚಾಲೆಂಜರ್ಸ್ ಎಲ್ಲ ಆಟದೊಳಗೆ ಬರಬೇಕು. ಮಾರಿದವರದು ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. ಮೂಲ ಆಟ ಮಾಡಿದವರಿಗೂ ಪ್ಯಾಚ್ ಮಾಡಿದವರಿಗೂ ಅದರಲ್ಲಿ ಪಾಲಿರಲಿಲ್ಲ.

ಈ ತಿದ್ದುವಿಕೆ ಹೇಗೆ ಸಾಧ್ಯವಾಯಿತು ಎಂಬುದನ್ನು ಹತ್ತಿರದಿಂದ ನೋಡಬೇಕು. ಆಟ ಕಂಪ್ಯೂಟರಿನಲ್ಲಿ ಕೂತಾಗ ಅದರ ಜೆರ್ಸಿ, ಬ್ಯಾಟು, ಫಲಕಗಳು ‘ಬಿಗ್’ ಎಂಬ ಗಂಟುಗಳೊಳಗೆ ‘ಎಫ್‌ಎಸ್‌ಎಚ್’ ಚಿತ್ರಕಡತಗಳಾಗಿ ಇರುತ್ತವೆ. ಆಟಗಾರರ ಪಟ್ಟಿ ಪ್ರತ್ಯೇಕ ಕಡತ. ಚೆಂಡಿನ ಪುಟಿತ, ಬ್ಯಾಟಿನ ಸಮಯ, ಫೀಲ್ಡರ್‌ನ ಓಟದ ಲೆಕ್ಕ ಈ ಕಡತಗಳಲ್ಲಿ ಇಲ್ಲ. ಜೆರ್ಸಿಯ ಚಿತ್ರವನ್ನು ತೆಗೆದು ಅದೇ ಅಳತೆಯ ಇನ್ನೊಂದನ್ನು ಇಟ್ಟರೆ, ಪಟ್ಟಿಯಲ್ಲಿ ಹೆಸರು ಬದಲಿಸಿದರೆ, ಇನ್ನೊಂದು ತಂಡ ಮೈದಾನಕ್ಕೆ ಇಳಿಯುತ್ತದೆ. ಹೊಸ ತಂಡಕ್ಕೆ ಹೊಸ ಜಾಗ ಮಾತ್ರ ಇಲ್ಲ. ಇರುವ ತಂಡವೊಂದನ್ನು ಎಬ್ಬಿಸಿ ಅಲ್ಲಿ ಕೂರಿಸಬೇಕು. ಹಾಗಾಗಿ ಐಪಿಎಲ್ ತಂಡಗಳು ಇಂಗ್ಲಿಷ್ ಕೌಂಟಿಗಳಂಥ ದೇಶೀ ತಂಡಗಳ ಕುರ್ಚಿಯಲ್ಲಿ ಕೂತವು. ಒಂದು ಕೌಂಟಿಯ ಅಸ್ಥಿಪಂಜರಕ್ಕೆ ಡೇರ್‌ಡೆವಿಲ್ಸ್ ಅಂಗಿ ತೊಡಿಸಿ, ಬೆನೊ ಅವರ ಹಳೆಯ ಧ್ವನಿಯಲ್ಲಿ ಸೆಹ್ವಾಗ್‌ನ ಸಿಕ್ಸರ್‌ಗೆ ವಿವರಣೆ ಕೇಳುವುದು ಆ ಕಾಲದ ಸಾಮಾನ್ಯ ಸುಖ.

ಪರವಾನಗಿಯಿಂದ ಬದಲಾಗಬಹುದಾದ ಎಲ್ಲವೂ ಹೊರಗೆ, ಬದಲಾಗದ ಎಲ್ಲವೂ ಒಳಗೆ. ಈ ವಿಂಗಡಣೆ ಕಲಾತತ್ತ್ವದಿಂದ ಬಂದಿರಲಾರದು. ಯಾವ ದೇಶದ ಮಂಡಳಿ ಹೆಸರು ಕೊಟ್ಟೀತು, ಯಾವುದು ಕೊಡಲಾರದು ಎಂಬುದು ಹಕ್ಕುದಾರನ ಕೈಯಲ್ಲಿರುವಾಗ, ಗುತ್ತಿಗೆ ಕೆಲಸ ಮಾಡುವ ಸ್ಟುಡಿಯೋ ಆ ಭಾಗವನ್ನು ಕಿತ್ತು ಹಾಕಲು ಅನುಕೂಲವಾಗುವಂತೆಯೇ ಕಟ್ಟುತ್ತದೆ. ಹೊರಗಿನವರಾಗಿದ್ದ ಎಚ್‌ಬಿಯವರ ಎಚ್ಚರಿಕೆಯೇ ಇನ್ನೂ ಹೊರಗಿನವರಿಗೆ ಬಾಗಿಲಾಯಿತು ಎನ್ನಬೇಕು. ಪಿಚ್ ಮೇಲಿನ ಚಿಹ್ನೆಯ ದೋಷಕ್ಕೂ ಇಲ್ಲಿ ವಿಮೋಚನೆ ಸಿಕ್ಕಿತು. ಟೆಸ್ಟಿನಲ್ಲಿ ಆಟವನ್ನು ಹಗುರಾಗಿಸಿದ ಸುಲಭ ಸಿಕ್ಸರು 20 ಓವರಿನ ಐಪಿಎಲ್ ಪಂದ್ಯಕ್ಕೆ ಹೇಳಿ ಮಾಡಿಸಿದಂತಿತ್ತು. ಆ್ಯಶಸ್‌ಗೆಂದು ಮಾಡಿದ ಆಟ ತನ್ನ ನಿಜವಾದ ಪಂದ್ಯವನ್ನು ಕಂಡುಕೊಂಡದ್ದು ಐಪಿಎಲ್ ಹುಟ್ಟಿದ ಮೇಲೆ, ಅನುಮತಿ ಇಲ್ಲದವರ ಕೈಯಲ್ಲಿ.

ಅಧಿಕೃತ ದಾರಿಯಲ್ಲಿ ಭಾರತಕ್ಕೆ ಸಿಕ್ಕದ್ದೇನು ಎಂಬುದಕ್ಕೆ ಕೋಡ್‌ಮಾಸ್ಟರ್ಸ್ ಎಂಬ ಗೇಮ್ ಕಂಪನಿ ಸಾಕ್ಷಿ. ಅದರ 2007ರ ಒಂದೇ ಆಟ ಬ್ರಿಟನ್ನಿನಲ್ಲಿ ಬ್ರಯನ್ ಲಾರಾ, ಆಸ್ಟ್ರೇಲಿಯದಲ್ಲಿ ರಿಕಿ ಪಾಂಟಿಂಗ್, ಭಾರತದಲ್ಲಿ ಯುವರಾಜ್ ಸಿಂಗ್ ಹೆಸರಿನಲ್ಲಿ ಬಂತು. ಪೆಟ್ಟಿಗೆಯ ಮೇಲಿನ ಮುಖ ಬದಲಾದರೆ ದೇಶ ಬದಲಾಯಿತು ಎಂಬ ಲೆಕ್ಕ. 2013ರ ನವೆಂಬರಿನ ‘ಆ್ಯಶಸ್ ಕ್ರಿಕೆಟ್ 2013’ ಇನ್ನೂ ಬೋಧಪ್ರದ. ಎರಡೂ ದೇಶಗಳ ಕ್ರಿಕೆಟ್ ಮಂಡಳಿಗಳ ಪರವಾನಗಿ, ಮೆಲ್ಬರ್ನಿನ ಟ್ರಿಕ್‌ಸ್ಟಾರ್ ಎಂಬ ಅನುಭವಿ ಸ್ವತಂತ್ರ ಸ್ಟುಡಿಯೋ, 505 ಗೇಮ್ಸ್ ಎಂಬ ಪ್ರಕಾಶಕ. ಆಟ ಎಷ್ಟು ಕೆಟ್ಟಿತ್ತೆಂದರೆ ಕೆಲವೇ ದಿನಗಳಲ್ಲಿ ಅಂಗಡಿಯಿಂದ ವಾಪಸು ತೆಗೆದು, ಕೊಂಡವರಿಗೆ ಹಣ ಹಿಂದಿರುಗಿಸಬೇಕಾಯಿತು. ಅಲ್ಲಿ ಹೆಸರು ನಿಜ, ಆಟ ಸುಳ್ಳು.

ಇಲ್ಲಿ ವಿಮರ್ಶಕರ ಎರಡು ಪಂಗಡಗಳೊಂದಿಗೆ ಜಗಳ ಅನಿವಾರ್ಯ. ಒಂದು ಪಂಗಡಕ್ಕೆ ಅಭಿಮಾನವೇ ಅರ್ಹತೆ. ಸರಣಿಯನ್ನು ಪ್ರೀತಿಸಿ ಬೆಳೆದ ಸ್ಟುಡಿಯೋ ತಾನಾಗಿ ಒಳ್ಳೆಯ ಆಟ ಮಾಡುತ್ತದೆ. ಹಾಗಾದರೆ ಲೂನೆನ್‌ಬರ್ಗ್ ಎಲ್ಲಿ ನಿಲ್ಲುತ್ತದೆ? ಅದು ಮೀನುಗಾರಿಕೆಗೂ ಹಡಗುಕಟ್ಟೆಗೂ ಹೆಸರಾದ, ಯುನೆಸ್ಕೊ ಪಟ್ಟಿಯಲ್ಲಿರುವ ಹಳೆಯ ಬಂದರು, ಕ್ರಿಕೆಟ್ಟಿನ ಊರಲ್ಲ. ಕಂಠಪಾಠವಾದ ಅಭಿಮಾನಕ್ಕಿಂತ ಮೂರು ಆಟಗಳನ್ನು ಒಂದೇ ತಂಡ ಒಂದರ ಮೇಲೊಂದು ಕಟ್ಟಿದ ಕಸುಬು ಅಲ್ಲಿ ಹೆಚ್ಚು ಕೆಲಸ ಮಾಡಿತು. ಇನ್ನೊಂದು ಪಂಗಡ ಸೋಲಿನ ಕಡೆಯಿಂದ ವಾದಿಸುತ್ತದೆ. 2021ರ ನವೆಂಬರ್ 11ರಂದು ಬಂದ ‘ಜಿಟಿಎ’ ಮೂರು ಆಟಗಳ ಹೊಸ ಆವೃತ್ತಿ ನಗೆಪಾಟಲಾದಾಗ, ಫ್ಲೋರಿಡಾದ ಗ್ರೋವ್ ಸ್ಟ್ರೀಟ್ ಗೇಮ್ಸ್‌ಗೆ ಕೊಟ್ಟದ್ದೇ ತಪ್ಪು ಎಂಬ ತೀರ್ಪು ಬಂತು. ಆದರೆ ಆಟ ಸಿದ್ಧವಾಗಿದೆ ಎಂದು ಮಾರಾಟಕ್ಕೆ ಇಟ್ಟದ್ದು ಹಕ್ಕುದಾರ ಕಂಪನಿ ರಾಕ್‌ಸ್ಟಾರ್. ಮೂರು ವರ್ಷದ ಮೇಲೆ, 2024ರ ನವೆಂಬರಿನ ತಿದ್ದುಪಡಿಯಲ್ಲಿ, ಆರಂಭದ ಪರದೆಯಿಂದ ಅಳಿದುಹೋದದ್ದು ಗ್ರೋವ್ ಸ್ಟ್ರೀಟ್‌ನ ಗುರುತು. ಗೆದ್ದರೆ ಹಕ್ಕುದಾರನ ದೂರದೃಷ್ಟಿ, ಸೋತರೆ ಗುತ್ತಿಗೆದಾರನ ಕೈಗುಣ. ಎರಡು ಪಂಗಡವೂ ಸ್ಟುಡಿಯೋದ ಗುಣಾವಗುಣವನ್ನೇ ತೂಗುತ್ತವೆ. ಅದರ ಕೈಗೆ ಏನನ್ನು ಒಪ್ಪಿಸಲಾಗಿತ್ತು, ಎಷ್ಟು ಸಮಯಕ್ಕೆ, ಬೇಡವೆನ್ನುವ ಅಧಿಕಾರ ಯಾರಲ್ಲಿತ್ತು ಎಂದು ಕೇಳುವುದಿಲ್ಲ.

‘ಕ್ರಿಕೆಟ್ 07’ ಬಗ್ಗೆ ಇನ್ನೊಂದು ಸುಲಭದ ಮಾತಿದೆ: ಇದೆಲ್ಲ ಬಾಲ್ಯದ ಮೋಹ. ಬಾಲ್ಯದ ಮೋಹಕ್ಕೆ ವಸ್ತು ಇದ್ದ ಹಾಗೇ ಇರಬೇಕು. 2012ರಲ್ಲಿ ಇದನ್ನು ಆಡಿದ ದೆಹಲಿಯ ಹುಡುಗ 2006ರ ಆಟ ಆಡುತ್ತಿರಲಿಲ್ಲ. ಆ ವರ್ಷದ ಜೆರ್ಸಿ, ಆ ವರ್ಷದ ಐಪಿಎಲ್ ಹರಾಜಿನಲ್ಲಿ ಬಿಕರಿಯಾದ ಆಟಗಾರರು ಪರದೆಯ ಮೇಲಿದ್ದರು. ಹಕ್ಕುದಾರ ಮಾಡಬೇಕಿದ್ದ ವಾರ್ಷಿಕ ಆವೃತ್ತಿಯ ಕೆಲಸವನ್ನು ಸಂಬಳವಿಲ್ಲದವರು ಮಾಡಿದರು. ವೈಟ್‌ಹೆಡ್ ತಾನೇ ಬರೆದ ಎಂಜಿನ್‌ನಲ್ಲಿ ಹಳೆಯ ‘ಸಾನಿಕ್ ಸಿಡಿ’ಯನ್ನು ಓಡಿಸಿ ತೋರಿಸಿದ ಮೇಲೆ ಸೆಗಾ ಅದನ್ನು 2011ರಲ್ಲಿ ಅಧಿಕೃತವಾಗಿ ತಂದಿತು. ಅದೇ ಬಗೆಯ ಕೆಲಸ ಮಾಡಿದ ಭಾರತದ ಪ್ಯಾಚ್‌ಗಾರರಿಗೆ ಅಂಥ ಕರೆ ಬರಲಿಲ್ಲ. ಕರೆಯಲು ಸರಣಿಯೇ ನಡೆಯುತ್ತಿರಲಿಲ್ಲ: 2006ರ ನಂತರ ಪಿಸಿಗಾಗಲಿ ಕನ್ಸೋಲ್‌ಗಾಗಲಿ ಇಎ ಹೊಸ ಕ್ರಿಕೆಟ್ ಆಟ ತರಲಿಲ್ಲ. ಎಚ್‌ಬಿ ತನ್ನದೇ ಗಾಲ್ಫ್ ಆಟ ಕಟ್ಟಿತು; 2021ರಲ್ಲಿ 2ಕೆ ಎಂಬ ಪ್ರಕಾಶಕ ಕಂಪನಿ ಆ ಸ್ಟುಡಿಯೋವನ್ನೇ ಕೊಂಡಿತು.

ದೆಹಲಿ ವಲಯಕ್ಕೆ ಈ ಉದ್ಯಮದಲ್ಲಿ ಕಾನೂನುಬದ್ಧ ಪಾಲೂ ಇದೆ, ನೆಹರೂ ಪ್ಲೇಸ್‌ನಿಂದ ನೈಋತ್ಯಕ್ಕೆ, ಗುರುಗ್ರಾಮದಲ್ಲಿ. ಮನ್ವೇಂದ್ರ ಶುಕುಲ್ 2004ರಲ್ಲಿ ಕಟ್ಟಿದ ಲಕ್ಷ್ಯ ಡಿಜಿಟಲ್ ಹೊರದೇಶದ ಆಟಗಳಿಗೆ ಪಾತ್ರ, ವಾಹನ, ಕಟ್ಟಡಗಳ ಚಿತ್ರಕೆಲಸ ಮಾಡಿಕೊಡುವ ಸಂಸ್ಥೆ. 2014ರಲ್ಲಿ ಅದನ್ನು ಡಬ್ಲಿನ್‌ನ ಕೀವರ್ಡ್ಸ್ ಸ್ಟುಡಿಯೋಸ್ ಕೊಂಡಿತು. ಕೀವರ್ಡ್ಸನ್ನು 2024ರಲ್ಲಿ ಇಕ್ಯುಟಿ ಹೂಡಿಕೆ ಸಂಸ್ಥೆ ಕೊಂಡಿತು. ಇಂಥ ಕೆಲಸದ ಗುಣಮಟ್ಟದ ಬಗ್ಗೆ ಯಾವ ಹಕ್ಕುದಾರನಿಗೂ ಅನುಮಾನವಿಲ್ಲ; ಇದ್ದಿದ್ದರೆ ಎರಡು ದಶಕ ಗುತ್ತಿಗೆ ಬರುತ್ತಿರಲಿಲ್ಲ. ಆದರೂ ಸರಣಿಯನ್ನು ಹೊರಗಿನವರಿಗೆ ಒಪ್ಪಿಸಿದ ಔದಾರ್ಯದ ಪಟ್ಟಿಯಲ್ಲಿ ಮೆಲ್ಬರ್ನ್, ವ್ಯಾಂಕೂವರ್, ಪ್ಯಾರಿಸ್ ಬರುತ್ತವೆ, ಗುರುಗ್ರಾಮ ಬರುವುದಿಲ್ಲ. ಅಲ್ಲಿಗೆ ತಲುಪುವ ಕಡತ ಕಾರಿನ ಬಾಗಿಲು ಹೇಗಿರಬೇಕು ಎಂದು ಹೇಳುತ್ತದೆ. ಕಾರು ಯಾವ ನಿಯಮದಂತೆ ಓಡಬೇಕು ಎಂಬ ತೀರ್ಮಾನ ಬೇರೆಡೆ ಆಗಿರುತ್ತದೆ.