ಗೋಡೆಗೆ ಅಲೆ ಯಾಕೆ?

ನಮ್ಮ ಆಫೀಸಿನ ರಿಸೆಪ್ಷನ್ ಹಿಂದೆ ಅಲೆ ಅಲೆಯಾದ ಗೋಡೆ ಬಂದಿದೆ. ಮಾಡೋದೇನೂ ಕಷ್ಟವಲ್ಲ. ಗ್ರಾಸ್‌ಹಾಪರ್‌ನಲ್ಲಿ ಬಿಂದುಗಳ ಜಾಲ ಹಾಸಿ, ಒಂದೊಂದು ಬಿಂದುವಿನ ಎತ್ತರಕ್ಕೂ ಸೈನ್ ಫಂಕ್ಷನ್ ಕೊಟ್ಟರಾಯ್ತು. ಒಂದು ಸ್ಲೈಡರ್ ಎಳೆದರೆ ಅಲೆ ಏಳುತ್ತೆ, ಇನ್ನೊಂದು ಎಳೆದರೆ ಒತ್ತೊತ್ತಾಗುತ್ತೆ. ನಾನೂ ಒಂದು ಭಾನುವಾರ ಪೂರ್ತಿ ಆಡಿದ್ದೇನೆ, ಮಜಾ ಇದೆ. ನನ್ನ ತಕರಾರು ಸ್ಲೈಡರನ್ನು ಎಲ್ಲಿ ನಿಲ್ಲಿಸಬೇಕು ಅನ್ನೋದು. ಅಲೆ ಆರಿಂಚೇ ಯಾಕೆ, ನಾಲ್ಕಿದ್ದರೆ ಏನಾಗ್ತಿತ್ತು? ಈ ಗೋಡೆ ಉತ್ತರ ಕೊಡಲ್ಲ. ತಗ್ಗುಗಳಲ್ಲಿ ಧೂಳು ಕೂತಿದೆ, ಅಷ್ಟೆ.

ಉರುಗ್ವೆಯ ಅಟ್ಲಾಂಟಿಡಾದಲ್ಲಿ ಎಲಾಡಿಯೋ ಡಿಯೆಸ್ಟೆ ಎಂಬ ಎಂಜಿನಿಯರ್ ಕಟ್ಟಿದ, 1960ರಲ್ಲಿ ಮುಗಿದ ಚರ್ಚಿನ ಫೋಟೊ ಹುಡುಕಿ ನೋಡಿ. ಇಟ್ಟಿಗೆ ಗೋಡೆ, ಬುಡದಲ್ಲಿ ನೇರ ಗೆರೆ, ಮೇಲೇರಿದಂತೆ ಅಲೆ. ಎತ್ತರ ಸುಮಾರು 7 ಮೀಟರ್, ದಪ್ಪ ಬರೀ 30 ಸೆಂಟಿಮೀಟರ್. ಅಲೆಯೇ ಅದರ ಬಲ. ಸಾಫ್ಟ್‌ವೇರ್ ಎಲ್ಲಿತ್ತು ಆಗ? ಬುಡದ ಗೆರೆಯಿಂದ ಮೇಲಿನ ಅಲೆಗೆ ನೇರವಾಗಿ ತಂತಿ ಎಳೆದರೆ ಗಾರೆಯವರಿಗೆ ಅದೇ ನಕ್ಷೆ. ಊರಲ್ಲಿ ನಮ್ಮ ಕೊಟ್ಟಿಗೆಯ ತಗಡೂ ಹಾಗೇ. ಅಲೆ ತಟ್ಟಿ ಚಪ್ಪಟೆ ಮಾಡಿದರೆ ಬಾಗಿಹೋಗುತ್ತೆ.

ನಿನ್ನೆ ರಿಸೆಪ್ಷನ್ ಗೋಡೆಯನ್ನು ಬೆರಳಲ್ಲಿ ತಟ್ಟಿದೆ. ಎಂಡಿಎಫ್, ಹಿಂದೆ ಟೊಳ್ಳು.