ಕಾಲಯಾನದ ಕಥೆಯೂ ಧೂಮಕೇತುವೂ

ಮಕ್ಕಳನ್ನು ಗತಕಾಲಕ್ಕೆ ಕರೆದೊಯ್ದು ಅಂದಿನವರೊಡನೆ ಮಾತನಾಡಿಸುವ ಕಥೆಗಳು ಇಂಗ್ಲಿಷ್ ಬಾಲಸಾಹಿತ್ಯದಲ್ಲಿ ಹೊಸವೇನಲ್ಲ. 1906ರಲ್ಲಿ ಪ್ರಕಟವಾದ ಇ. ನೆಸ್ಬಿಟ್ ಅವರ ‘ದಿ ಸ್ಟೋರಿ ಆಫ್ ದಿ ಅಮ್ಯುಲೆಟ್’ ಇವುಗಳಲ್ಲಿ ಮೇಲ್ಪಂಕ್ತಿಯದು. ಅಲ್ಲಿನ ಮಕ್ಕಳು ತಾಯತದ ಬಲದಿಂದ ಜೂಲಿಯಸ್ ಸೀಸರನ ಎದುರು ನಿಂತು ತಮ್ಮ ನಾಡನ್ನು ಬಾಯಿತುಂಬ ಹೊಗಳುತ್ತಾರೆ. ಬ್ರಿಟನ್ನಿನ ಆಸೆಯನ್ನು ಬಿಟ್ಟಿದ್ದ ಸೀಸರ್ ಆ ಮಾತು ಕೇಳಿ ದಂಡೆತ್ತಲು ಮನಸ್ಸು ಮಾಡುತ್ತಾನೆ. ಇದು ನಗೆ ತರಿಸುತ್ತದೆ; ಕಥೆಗೂ ಒಪ್ಪುತ್ತದೆ. ದಂಡನಾಯಕನ ಮನಸ್ಸು ತಿರುಗುವುದಕ್ಕೆ ಒಂದು ಮಾತು ಸಾಕು.

ಆದರೆ ವಿಜ್ಞಾನಿಯ ಕಥೆಗೂ ಇದೇ ತಂತ್ರವನ್ನು ಹೂಡಬಹುದೆ? ಕೂಡದೆಂದು ನನ್ನ ಮತ. ಖಗೋಳಶಾಸ್ತ್ರಜ್ಞೆ ಕ್ಯಾರೊಲಿನ್ ಹರ್ಷೆಲ್ (1750–1848) ಅಂಥ ಕಥೆಗೆ ಹೇಳಿ ಮಾಡಿಸಿದ ನಾಯಿಕೆ. ಹ್ಯಾನೋವರಿನಲ್ಲಿ ಹುಟ್ಟಿ, ಬಾಲ್ಯದ ಜ್ವರದಿಂದ ನಾಲ್ಕೂಕಾಲು ಅಡಿಗೇ ಬೆಳವಣಿಗೆ ನಿಂತು, 1772ರಲ್ಲಿ ಅಣ್ಣ ವಿಲಿಯಮನೊಡನೆ ಇಂಗ್ಲೆಂಡಿಗೆ ಬಂದವಳು. 1783ರ ಕೊನೆಯ ರಾತ್ರಿ ಹಿಮದಲ್ಲಿ ಓಡುವಾಗ ದೂರದರ್ಶಕದ ಬಳಿಯಿದ್ದ ಕಬ್ಬಿಣದ ಕೊಕ್ಕೆ ಆಕೆಯ ತೊಡೆಗೆ ನಾಟಿತು. ಇಷ್ಟರಲ್ಲೇ ಕಥೆಗೆ ಬೇಕಾದ ಸಾಮಗ್ರಿಯಿದೆ.

ಆದರೂ ಕಥೆಯ ಜೀವವಿರುವುದು 1786ರ ಆಗಸ್ಟ್ 1ರ ರಾತ್ರಿಯಲ್ಲಿ. ಅಣ್ಣ ಜರ್ಮನಿಗೆ ಹೋಗಿದ್ದ. ಸ್ಲೌ ಊರಿನ ಮನೆಯಲ್ಲಿ ಕ್ಯಾರೊಲಿನ್ ಮಂಜಿನಂಥದೊಂದು ಚುಕ್ಕೆಯನ್ನು ಕಂಡಳು. ಧೂಮಕೇತುವಿರಬೇಕೆಂದು ಊಹಿಸಿದಳು, ಊಹೆ ಸಾಲದು. ಜಾಗ ಬದಲಿಸಿದರೆ ಧೂಮಕೇತು, ನಿಂತಲ್ಲೇ ನಿಂತಿದ್ದರೆ ನೀಹಾರಿಕೆ. ಮರುದಿನ ಹಗಲೆಲ್ಲ ಮಳೆ. ಆಕೆ ನೂರೈವತ್ತು ನೀಹಾರಿಕೆಗಳ ಲೆಕ್ಕ ಮಾಡುತ್ತ ಕುಳಿತಳು. ರಾತ್ರಿ ಒಂದು ಗಂಟೆಗೆ ಮತ್ತೆ ನೋಡಿದಾಗ ಚುಕ್ಕೆ ಸರಿದಿತ್ತು. ಹೀಗೆ ಮೊದಲಾಗಿ, 1797ರೊಳಗೆ ಎಂಟು ಧೂಮಕೇತುಗಳನ್ನು ಕಂಡಳು.

ಆ ಮಳೆಯ ಹಗಲಿನಲ್ಲಿ ಇಂದಿನ ಬಾಲಕಿಯೊಬ್ಬಳು ಬಂದಿಳಿದು, “ಅದು ಧೂಮಕೇತುವೇ, ನಾನು ಪುಸ್ತಕದಲ್ಲಿ ಓದಿದ್ದೇನೆ” ಎಂದುಬಿಟ್ಟರೆ? ಓದುವ ಮಕ್ಕಳು ಚಪ್ಪಾಳೆ ತಟ್ಟಿಯಾರು. ಆದರೆ ಕ್ಯಾರೊಲಿನ್ ಬರಿಯ ಕೇಳುಗಳಾಗುತ್ತಾಳೆ. ಅದ್ಭುತ ರಸಕ್ಕೆ ವಿಸ್ಮಯವೇ ಸ್ಥಾಯಿಭಾವವೆಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ. ಉತ್ತರ ಮೊದಲೇ ಕೈಸೇರಿದಲ್ಲಿ ವಿಸ್ಮಯವೆಲ್ಲಿಯದು?

ಹಾಗಾದರೆ ಕಥೆಯಲ್ಲಿ ಮಗುವಿಗೆ ಕೆಲಸವೇ ಇಲ್ಲವೆ ಎಂದು ಕೇಳಬಹುದು. ಬೇಕಾದಷ್ಟಿದೆ. ದೀಪ ಹಿಡಿಯಲಿ, ಗಡಿಯಾರ ನೋಡಿ ಹೇಳಲಿ, ಮೋಡ ಸರಿಯಿತೆ ಎಂದು ಹತ್ತು ಸಲ ಬಾಗಿಲಿಗೆ ಓಡಲಿ. ಏನೂ ತಿಳಿಯದೆ ಹೋಗಿ, ಕಾಯುವುದನ್ನು ಕಲಿತು ಬರಲಿ. ಉತ್ತರವನ್ನಷ್ಟೇ ಬರೆದುಕೊಳ್ಳಲು ಕಾದಿರುವ ವಿದ್ಯಾರ್ಥಿಗಳನ್ನು ತರಗತಿಯಲ್ಲಿ ದಿನವೂ ಕಾಣುವ ನನಗೆ ಇದು ಸಣ್ಣ ಮಾತೆನಿಸುವುದಿಲ್ಲ. ತಿಳಿದುಕೊಂಡದ್ದಕ್ಕೂ ಕೇಳಿಕೊಂಡದ್ದಕ್ಕೂ ಇರುವ ಅಂತರವನ್ನು ಮಕ್ಕಳಿಗೆ ಪಾಠಕ್ಕಿಂತ ಮೊದಲು ಕಥೆಯೇ ಕಲಿಸಬಲ್ಲದು. ಆ ಮಳೆಯ ಹಗಲನ್ನು ಕೈಬಿಟ್ಟ ಕಥೆಗಾರ ಧೂಮಕೇತುವನ್ನೇ ಕೈಬಿಟ್ಟಂತೆ.