ತಿರಸ್ಕೃತ ಮರಿಯಮ್ಮ ಮತ್ತು ಪೋಪರ ಜೇನುಹುಳುಗಳು

ರೋಮ್ ನಗರದ ಟ್ರಾಸ್ತೆವೆರೆಯಲ್ಲಿ ಸಾಂತಾ ಮರಿಯಾ ದೆಲ್ಲಾ ಸ್ಕಾಲಾ ಎಂಬ ಚರ್ಚು ಇದೆ. ಅದು ಕಾರ್ಮೆಲೈಟ್ ಸನ್ಯಾಸಿಗಳದ್ದು. ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿನ ಒಂದು ವೇದಿಕೆಗೆಂದು ವಕೀಲನೊಬ್ಬ ಚಿತ್ರಕಾರ ಕಾರವಾಜ್ಜೊನಿಂದ ಮಾತೆ ಮರಿಯಳ ಮರಣದ ಚಿತ್ರ ಬರೆಸಿದ. ಸನ್ಯಾಸಿಗಳು ನೋಡಿ ಬೇಡವೆಂದರು. ಕೆಂಪು ಉಡುಪಿನ ಹೆಂಗಸೊಬ್ಬಳು ಸತ್ತು ಮಲಗಿದ್ದಾಳೆ. ಹೊಟ್ಟೆ ಉಬ್ಬಿದೆ, ಬರಿಗಾಲುಗಳು ಹೊರಚಾಚಿವೆ. ತಲೆಯ ಸುತ್ತ ಎಳೆದ ನೂಲಿನಷ್ಟು ತೆಳುವಾದ ಪ್ರಭೆಯೊಂದನ್ನು ಬಿಟ್ಟರೆ ಅವಳು ದೇವಮಾತೆಯೆಂದು ಹೇಳುವ ಗುರುತು ಯಾವುದೂ ಇಲ್ಲ. ದೇವದೂತರಿಲ್ಲ, ತೆರೆದ ಸ್ವರ್ಗವಿಲ್ಲ. ಬೋಳುತಲೆಯ ಮುದುಕರು ಸುತ್ತ ನಿಂತು ದುಃಖಿಸುತ್ತಿದ್ದಾರೆ. ಮುಂದೆ ಕುಳಿತ ಮಗ್ದಲೇನಳ ಮುಖ ನಮಗೆ ಕಾಣದು, ಬಾಗಿದ ಕತ್ತಷ್ಟೇ ಕಾಣುತ್ತದೆ. ನೆಲದ ಮೇಲೊಂದು ತಾಮ್ರದ ಬೋಗುಣಿ.

ಚರ್ಚು ಬೇಡವೆಂದ ಈ ಚಿತ್ರವನ್ನು 1607ರಲ್ಲಿ ಮಾಂಟುವಾದ ಡ್ಯೂಕ್ ಕೊಂಡ. ಕೊಳ್ಳಲು ಸಲಹೆ ಕೊಟ್ಟವನು ಆಗ ಅವನ ಆಶ್ರಯದಲ್ಲಿದ್ದ ಚಿತ್ರಕಾರ ಪೀಟರ್ ಪಾಲ್ ರೂಬೆನ್ಸ್. ಮುಂದೆ ಮಾಂಟುವಾದ ಸಂಗ್ರಹದ ಜೊತೆ ಅದು ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸನ ಪಾಲಾಯಿತು. 1649ರಲ್ಲಿ ಅವನ ತಲೆ ಕಡಿದ ಮೇಲೆ ಹರಾಜಿಗೆ ಬಂದು, ಕೈ ಬದಲಾಯಿಸುತ್ತ ಹದಿನಾಲ್ಕನೆಯ ಲೂಯಿಯನ್ನು ಸೇರಿತು. ಈಗ ಲೂವ್ರ್‌ನಲ್ಲಿದೆ. ಬಡವರ ಸಾವನ್ನು ಬಡವರ ಕಣ್ಣಿಗೆ ಕಾಣುವಂತೆ ಬರೆದ ಚಿತ್ರ ದಶಕಗಳ ಕಾಲ ಅರಮನೆಯಿಂದ ಅರಮನೆಗೆ ಅಲೆಯಿತು. ಆ ಕಾಲದ ಬರೋಕ್ ಕಲಾಪರಂಪರೆಯ ಬಲ, ದೌರ್ಬಲ್ಯಗಳೆರಡನ್ನೂ ನಾನು ಈ ಅಲೆದಾಟದಲ್ಲಿ ಕಾಣುತ್ತೇನೆ.

ಈ ಕಲೆಯನ್ನು ಬೇಡಿ ಪಡೆದದ್ದು ಚರ್ಚೇ. ಅದಕ್ಕೆ ಕಾರಣವಾದ ಬಿಕ್ಕಟ್ಟೂ ಕಲೆಯಿಂದಲೇ ಶುರುವಾದದ್ದು. 1506ರಲ್ಲಿ ಪೋಪ್ ಎರಡನೆಯ ಜೂಲಿಯಸ್ ಹಳೆಯ ಸಂತ ಪೇತ್ರರ ಬಸಿಲಿಕಾವನ್ನು ಕೆಡವಿ ಹೊಸದಕ್ಕೆ ಅಡಿಗಲ್ಲು ಹಾಕಿದರು. ಅದರ ಖರ್ಚಿಗಾಗಿ ಹತ್ತನೆಯ ಲಿಯೊ ಜರ್ಮನಿಯಲ್ಲಿ ಪಾಪಕ್ಷಮಾ ಪತ್ರಗಳನ್ನು ಮಾರಿಸಿದರು. ಬಂದ ಹಣದಲ್ಲಿ ಅರ್ಧ ಮೈಂಟ್ಸ್‌ನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್‌ನ ಸಾಲ ತೀರಿಸಲು ಫುಗ್ಗರ್ ಲೇವಾದೇವಿ ಮನೆತನಕ್ಕೆ ಹೋಗುತ್ತಿತ್ತು. 1517ರಲ್ಲಿ ಲೂಥರ್ ಎದುರುನಿಂತದ್ದು ಈ ವ್ಯಾಪಾರಕ್ಕೆ. ಪುನರುಜ್ಜೀವನದ ಅತಿ ದೊಡ್ಡ ಕಟ್ಟಡ ಮೇಲೇಳುತ್ತಿದ್ದಾಗಲೇ ಅದನ್ನು ಕಟ್ಟಿಸುತ್ತಿದ್ದ ಸಂಸ್ಥೆ ಬಿರುಕುಬಿಟ್ಟಿತು. 1566ರ ಬೇಸಿಗೆಯಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಪ್ರೊಟೆಸ್ಟೆಂಟ್ ಗುಂಪುಗಳು ಚರ್ಚುಗಳಿಗೆ ನುಗ್ಗಿ ವಿಗ್ರಹ ಒಡೆದವು, ಚಿತ್ರ ಹರಿದವು. ಚಿತ್ರಗಳು ಬೇಕೇ ಬೇಡವೇ ಎಂಬುದು ಪ್ರಾಣದ ಪ್ರಶ್ನೆಯಾದ ಕಾಲ ಅದು.

ಕ್ಯಾಥೊಲಿಕ್ ಉತ್ತರ ಈ ಗಲಭೆಗೂ ಮೊದಲೇ, 1563ರ ಡಿಸೆಂಬರಿನಲ್ಲಿ ಟ್ರೆಂಟ್ ಮಹಾಸಭೆಯ ಕೊನೆಯ ಅಧಿವೇಶನದಲ್ಲಿ ಬಂತು. ಚಿತ್ರಗಳು ಬೇಕು, ಅವು ಕಲಿಸಬೇಕು, ಭಕ್ತಿ ಹುಟ್ಟಿಸಬೇಕು, ಅಶ್ಲೀಲವೂ ಅಸಂಗತವೂ ಇರಕೂಡದು, ಅಸಾಮಾನ್ಯವಾದದ್ದಕ್ಕೆ ಬಿಷಪ್ಪರ ಒಪ್ಪಿಗೆ ಬೇಕು. ಇದು ಚಿಕ್ಕ ನಿರ್ಣಯ. ಹೇಗೆ ಬರೆಯಬೇಕೆಂದು ಹೇಳದೆ ಹೇಗೆ ಬರೆಯಬಾರದೆಂದು ಹೇಳುವುದೇ ಹೆಚ್ಚು. ಮೊದಲ ಪೆಟ್ಟು ಬಿದ್ದದ್ದು ಮೈಕೆಲೆಂಜೆಲೊನ ‘ಅಂತಿಮ ತೀರ್ಪಿ’ಗೆ. ಅವನು ತೀರಿಕೊಂಡ ಮೇಲೆ ಅವನ ಆಪ್ತನೇ ಆದ ದಾನಿಯೆಲೆ ದಾ ವೊಲ್ತೆರ್ರಾ ಆ ಬೆತ್ತಲೆ ಮೈಗಳಿಗೆ ಬಟ್ಟೆ ಬರೆಯಬೇಕಾಯಿತು. 1573ರಲ್ಲಿ ವೆನಿಸ್ಸಿನ ಧರ್ಮವಿಚಾರಣಾ ಮಂಡಳಿ ಚಿತ್ರಕಾರ ವೆರೊನೇಸೆಯನ್ನು ಕರೆಸಿ, ಕ್ರಿಸ್ತನ ಕೊನೆಯ ಭೋಜನದಲ್ಲಿ ವಿದೂಷಕರು, ಕುಳ್ಳರು, ಜರ್ಮನ್ ಸಿಪಾಯಿಗಳು ಯಾಕಿದ್ದಾರೆ ಎಂದು ಕೇಳಿತು. ಅವನು ಚಿತ್ರದ ಹೆಸರನ್ನೇ ‘ಲೇವಿಯ ಮನೆಯ ಔತಣ’ ಎಂದು ಬದಲಾಯಿಸಿದ. ಈ ಪ್ರಸಂಗವನ್ನು ಕಲಾವಿದನ ಜಾಣ ಗೆಲುವೆಂದು ಹೇಳುವ ರೂಢಿಯಿದೆ. ನನಗೆ ಹಾಗನಿಸುವುದಿಲ್ಲ. ಹೆಸರು ಬದಲಾದ ಗಳಿಗೆಯಲ್ಲಿ ಆ ಚಿತ್ರ ತನ್ನ ವಿಷಯವನ್ನು ಕಳೆದುಕೊಂಡಿತು. ಹದಿಮೂರು ಮೀಟರಿನಷ್ಟು ಅಗಲದ ಆ ವೈಭವ ಯಾವ ಊಟಕ್ಕೂ ಸಲ್ಲುವಂತಿತ್ತೆಂಬುದು ಅಲ್ಲಿ ಬಯಲಾಯಿತು.

ಬೊಲೊನ್ಯದ ಬಿಷಪ್ ಗಾಬ್ರಿಯೆಲೆ ಪಾಲೆಯೊತ್ತಿ 1582ರಲ್ಲಿ ಬರೆದ ಗ್ರಂಥದಲ್ಲಿ ಚಿತ್ರವೇ ಓದುಬಾರದವರ ಪುಸ್ತಕವೆಂಬ ಹಳೆಯ ಮಾತನ್ನು ಮತ್ತೆ ಎತ್ತಿ, ಚಿತ್ರ ಎಲ್ಲರಿಗೂ ತಿಳಿಯುವಂತಿರಬೇಕೆಂದು ವಾದಿಸಿದ. ಮೇಲಿನವರು ಕೆಳಗಿನವರಿಗೆ ಕಲಿಸುವ ದಾರಿಯೆಂದೇ ಇದನ್ನು ಬಹಳ ಜನ ಅರ್ಥಮಾಡಿಕೊಂಡರು. ಕಾರವಾಜ್ಜೊ ಮಾತ್ರ ಇದನ್ನು ಅಕ್ಷರಶಃ ನಂಬಿದ. ಓದುಬಾರದವರಿಗಾಗಿ ಬರೆಯುವುದಾದರೆ ಅವರೇ ಚಿತ್ರದೊಳಗೆ ಇರಬೇಕೆಂದು ತೀರ್ಮಾನಿಸಿದ. 1600ರ ಜೂಬಿಲಿಗೆ ಲಕ್ಷಾಂತರ ಯಾತ್ರಿಕರು ರೋಮಿಗೆ ಬಂದಿದ್ದರು, ಬಹುಪಾಲು ಬಡವರು. ಕೆಲವೇ ವರ್ಷಗಳಲ್ಲಿ ಸಾಂತ್ ಅಗೊಸ್ತೀನೊ ಚರ್ಚಿಗೆ ಅವನು ಬರೆದ ‘ಲೊರೆತೊದ ಮಾತೆ’ಯಲ್ಲಿ ಅಂಥ ಇಬ್ಬರು ಮೊಣಕಾಲೂರಿದ್ದಾರೆ. ಗಂಡಸಿನ ಅಂಗಾಲಿನ ಕೊಳೆ ನೋಡುವವನ ಕಣ್ಣಿಗೆ ನೇರ ಬೀಳುತ್ತದೆ. ಮುದುಕಿಯ ತಲೆವಸ್ತ್ರ ಹರಿದಿದೆ. ಮರಿಯಳು ಗಾರೆ ಉದುರಿದ ಗೋಡೆಯ ಮನೆಯ ಹೊಸ್ತಿಲಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದಾಳೆ. ಇದನ್ನು ಕಂಡು ಸಾಮಾನ್ಯ ಜನ ಗದ್ದಲವೆಬ್ಬಿಸಿದರೆಂದು ಅವನ ಪ್ರತಿಸ್ಪರ್ಧಿ ಬಾಲ್ಯೋನೆ ಹೀಯಾಳಿಸಿ ಬರೆದಿದ್ದಾನೆ. ಅವನು ದೋಷವೆಂದು ದಾಖಲಿಸಿದ ಆ ಗದ್ದಲವೇ ಟ್ರೆಂಟ್ ಬಯಸಿದ ಫಲ. ಜನ ತಮ್ಮನ್ನು ಅಲ್ಲಿ ಗುರುತಿಸಿದ್ದರು.

ಪುನರುಜ್ಜೀವನದ ಸಮತೋಲ ಕಳೆದ ಮೇಲೆ ಬಂದ ಅವನತಿಯೇ ಬರೋಕ್ ಎಂದು ಹತ್ತೊಂಬತ್ತನೆಯ ಶತಮಾನದ ವಿಮರ್ಶಕರು ಬಹುವಾಗಿ ನಂಬಿದ್ದರು. ಕಲಾ ಇತಿಹಾಸಕಾರ ಹೈನ್‌ರಿಚ್ ವೋಲ್ಫ್‌ಲಿನ್ 1915ರ ಹೊತ್ತಿಗೆ, ಇದು ಅವನತಿಯಲ್ಲ, ಕಾಣುವ ರೀತಿಯೇ ಬೇರೆ ಎಂದು ರೂಪದ ಆಧಾರದ ಮೇಲೆ ತೋರಿಸಿದ. ಅದು ದೊಡ್ಡ ಉಪಕಾರ. ಆದರೆ ರೂಪವನ್ನಷ್ಟೇ ಹಿಡಿದು ಹೊರಟರೆ ಕಾರವಾಜ್ಜೊನ ಕತ್ತಲೆಗೂ ಪೋಪರ ಅರಮನೆಯ ಚಾವಣಿಯ ಹೊಳಪಿಗೂ ನಡುವಿನ ನೈತಿಕ ಅಂತರ ಕೈಗೆ ಸಿಗುವುದಿಲ್ಲ. ಎಲ್ಲವೂ ಪ್ರಚಾರವೇ ಎಂದು ತಳ್ಳಿಹಾಕುವವರಿಗೂ ಅದು ಸಿಗುವುದಿಲ್ಲ.

ಆ ಅಂತರ ಎದ್ದು ಕಾಣುವುದು ಬಾರ್ಬೆರಿನಿ ಮನೆತನದ ಎಂಟನೆಯ ಅರ್ಬನ್ ಪೋಪರಾಗಿದ್ದ 1623ರಿಂದ 1644ರ ಅವಧಿಯಲ್ಲಿ. ಸಂತ ಪೇತ್ರರ ಸಮಾಧಿಯ ಮೇಲೆ ಶಿಲ್ಪಿ ಬೆರ್ನಿನಿ 29 ಮೀಟರಿನಷ್ಟು ಎತ್ತರದ ಕಂಚಿನ ಮಂಟಪ ಎಬ್ಬಿಸಿದ. ತಿರುಚಿದ ಕಂಬಗಳ ಅಡಿಯ ಅಮೃತಶಿಲೆಯಲ್ಲಿ ಮನೆತನದ ಲಾಂಛನವಾದ ಜೇನುಹುಳುಗಳಿವೆ. ಅದೇ ಪೋಪ್ ಪ್ಯಾಂಥಿಯನ್‌ನ ಮುಖಮಂಟಪದ ಪ್ರಾಚೀನ ಕಂಚಿನ ತೊಲೆಗಳನ್ನು ಕೀಳಿಸಿದರು. ಅದರ ಬಹುಪಾಲು ಫಿರಂಗಿಗಳಾಯಿತು. ಮಂಟಪ ಮುಗಿದ 1633ರಲ್ಲೇ ಗೆಲಿಲಿಯೊ ಮೊಣಕಾಲೂರಿ, ಭೂಮಿ ಸುತ್ತುತ್ತದೆಂಬ ತನ್ನ ಮಾತು ಹಿಂತೆಗೆದುಕೊಂಡ. ಅದೇ ವರ್ಷ ಪಿಯೆತ್ರೊ ದಾ ಕೊರ್ತೊನಾ ಬಾರ್ಬೆರಿನಿ ಅರಮನೆಯ ಚಾವಣಿಗೆ ಚಿತ್ರ ಬರೆಯಲು ಕೈಹಾಕಿದ. ದೈವಕೃಪೆಯ ಅಪ್ಪಣೆಯಂತೆ ಮೂರು ಬೃಹತ್ ಜೇನುಹುಳುಗಳಿಗೆ ಕಿರೀಟ ಏರುವ ದೃಶ್ಯ ಅದು. ಕೊರ್ತೊನಾನ ಕೈಚಳಕ ಅಪಾರ. ನೂರಾರು ಆಕೃತಿಗಳು ಮೋಡದಲ್ಲಿ ಉರುಳುತ್ತವೆ, ಒಂದೂ ಎಡವುವುದಿಲ್ಲ. ಆದರೆ ದೇವರ ಸಂಕಲ್ಪ ಒಂದು ಕುಟುಂಬದ ಏಳಿಗೆಗೆ ಇಳಿದಾಗ ಆ ಅಬ್ಬರಕ್ಕೆ ತಕ್ಕ ವಿಷಯವೇ ಉಳಿಯುವುದಿಲ್ಲ. ಅರ್ಬನ್ ಸತ್ತ ಕೆಲವೇ ಕಾಲದಲ್ಲಿ ಅವರ ಅಣ್ಣತಮ್ಮಂದಿರ ಮಕ್ಕಳು ಹಣದ ಲೆಕ್ಕ ಕೇಳುವವರಿಗೆ ಹೆದರಿ ಪ್ಯಾರಿಸ್ಸಿಗೆ ಓಡಿದರು.

ಬೆರ್ನಿನಿಯ ಸಂತ ತೆರೇಸಾಳನ್ನು ತೂಗುವುದು ಇಷ್ಟು ಸುಲಭವಲ್ಲ. 1647ರಿಂದ 1652ರ ನಡುವೆ ಸಾಂತಾ ಮರಿಯಾ ದೆಲ್ಲಾ ವಿತ್ತೋರಿಯಾ ಚರ್ಚಿಗಾಗಿ ಅವನು ಮಾಡಿದ ಶಿಲ್ಪ ಅದು. 1620ರಲ್ಲಿ ಪ್ರಾಗ್ ಬಳಿಯ ಬಿಳಿಬೆಟ್ಟದಲ್ಲಿ ಕ್ಯಾಥೊಲಿಕ್ ಸೇನೆ ಬೊಹೀಮಿಯಾದ ಪ್ರೊಟೆಸ್ಟೆಂಟರನ್ನು ಸೋಲಿಸಿದ ನೆನಪಿಗೆ ಆ ಚರ್ಚಿಗೆ ವಿಜಯಮಾತೆಯ ಹೆಸರಿಡಲಾಗಿತ್ತು. ಮರುವರ್ಷ ಪ್ರಾಗ್‌ನ ಚೌಕದಲ್ಲಿ ಸೋತ ಪಕ್ಷದ 27 ಮುಖಂಡರ ಪ್ರಾಣ ತೆಗೆದರು. ಇಂಥ ಯುದ್ಧಸ್ಮಾರಕದೊಳಗೆ ಒಬ್ಬ ಹೆಂಗಸು ಕಣ್ಣು ಮುಚ್ಚಿ ದೇವರ ಬಾಣಕ್ಕೆ ಎದೆಯೊಡ್ಡಿದ್ದಾಳೆ. ಮರೆಯ ಕಿಟಕಿಯಿಂದ ಬೆಳಕು ಸುರಿಯುತ್ತದೆ, ಬರಿಗಾಲೊಂದು ಗಾಳಿಯಲ್ಲಿ ಜೋತಿದೆ. ಮರಿಯಳ ಬರಿಗಾಲನ್ನು ತಿರಸ್ಕರಿಸಿದ್ದೂ ತೆರೇಸಾ ಸುಧಾರಿಸಿ ಕಟ್ಟಿದ ಕಾರ್ಮೆಲೈಟ್ ಪಂಥವೇ. ಎರಡೂ ಬದಿಯ ಗೋಡೆಗಳಲ್ಲಿ ದಾನಿಗಳಾದ ಕೊರ್ನಾರೊ ಮನೆತನದ ಗಂಡಸರು ಶಿಲ್ಪಗಳಾಗಿ ಕುಳಿತು ಮಾತಾಡುತ್ತಿದ್ದಾರೆ. ಕೊರ್ನಾರೊಗಳು ಇಲ್ಲದಿದ್ದರೆ ನಾನು ಇದನ್ನು ಕಾರವಾಜ್ಜೊನ ಪಕ್ಕದಲ್ಲೇ ಇಡುತ್ತಿದ್ದೆ. ತನ್ನ ಅನುಭವವನ್ನು ತಾನೇ ಬರೆದ ಒಬ್ಬ ಸ್ಪ್ಯಾನಿಷ್ ಹೆಂಗಸಿನ ಒಳಬದುಕನ್ನು ಕಲ್ಲಿನಲ್ಲಿ ಹಿಡಿಯುವ ಧೈರ್ಯ, ಅದನ್ನು ಸಿರಿವಂತರ ಮುಂದಿನ ಪ್ರದರ್ಶನವಾಗಿಸುವ ದಾಕ್ಷಿಣ್ಯ, ಎರಡೂ ಇಲ್ಲಿವೆ. ನಿತ್ಯ ಪೂಜೆಗೆ ಹೋಗುತ್ತಿದ್ದ ಬೆರ್ನಿನಿಯ ಶ್ರದ್ಧೆಯಲ್ಲಿ ಕಪಟವಿರಲಿಲ್ಲ. ಅದಕ್ಕೇ ಇದು ನೋಯಿಸುತ್ತದೆ.

ರೂಬೆನ್ಸ್ ಈ ಎರಡು ದಾರಿಯನ್ನೂ ನಡೆದವನು. ವಿಗ್ರಹಭಂಜಕರು ಬರಿದು ಮಾಡಿದ್ದ ಆಂಟ್‌ವರ್ಪ್‌ಗೆ ಮರಳಿ ಅವನು ಬರೆದ ಶಿಲುಬೆಯ ಚಿತ್ರಗಳಲ್ಲಿ ನಿಜವಾದ ಭಾರವಿದೆ. ಫ್ರಾನ್ಸಿನ ರಾಣಿ ಮರಿ ದ ಮೆದಿಚಿಗಾಗಿ ಬರೆದ 24 ಚಿತ್ರಗಳಲ್ಲಿ ಒಲಿಂಪಸ್ಸಿನ ದೇವತೆಗಳೆಲ್ಲ ಅವಳ ಸೇವೆಗೆ ನಿಂತಿದ್ದಾರೆ. ಅವು ಮುಗಿದ ಆರೇಳು ವರ್ಷಗಳಲ್ಲಿ ಅವಳು ದೇಶ ಬಿಟ್ಟು ಓಡಿ, ಕೊನೆಗೆ ಪರದೇಶದಲ್ಲೇ ಸತ್ತಳು. ಲಂಡನ್ನಿನ ಔತಣಮಂದಿರದ ಚಾವಣಿಯಲ್ಲಿ ಒಂದನೆಯ ಜೇಮ್ಸ್ ಸ್ವರ್ಗಕ್ಕೇರುವುದನ್ನು ರೂಬೆನ್ಸ್ ಬರೆದಿದ್ದ. ಮಗ ಚಾರ್ಲ್ಸ್ ವಧಾಸ್ಥಾನಕ್ಕೆ ನಡೆದದ್ದು ಅದರ ಕೆಳಗೇ. ಇದೇ ರೂಬೆನ್ಸ್ ರಾಯಭಾರಿಯಾಗಿ ಸ್ಪೇನ್ ಮತ್ತು ಇಂಗ್ಲೆಂಡಿನ ನಡುವೆ ಶಾಂತಿ ತರಲು ಓಡಾಡಿದವನು. ಮೂವತ್ತು ವರ್ಷಗಳ ಯುದ್ಧ ಜರ್ಮನಿಯನ್ನು ಸುಡುತ್ತಿದ್ದಾಗ ಅವನು ಬರೆದ ‘ಯುದ್ಧದ ಪರಿಣಾಮಗಳು’ ಚಿತ್ರದಲ್ಲಿ ಮಾರ್ಸ್ ಪುಸ್ತಕಗಳನ್ನು ತುಳಿದು ಮುನ್ನುಗ್ಗುತ್ತಾನೆ, ಕಪ್ಪು ಬಟ್ಟೆಯ ಯುರೋಪ್ ಕೈಗಳನ್ನು ಮೇಲೆತ್ತಿ ಗೋಳಿಡುತ್ತಾಳೆ. ಆಸ್ಥಾನಗಳ ಹೊಗಳಿಕೆಗೆ ಬಳಸಿದ ಅದೇ ಪುರಾಣದ ಭಾಷೆ ಇಲ್ಲಿ ಅಧಿಕಾರದ ಮೇಲೆ ಆರೋಪವಾಗುತ್ತದೆ.

ಈ ಪರಂಪರೆಯ ಒಂದು ಎಳೆ ನಮ್ಮ ಕರಾವಳಿಗೂ ಬಂದಿದೆ. 1685ರಲ್ಲಿ ಜೆಸ್ವಿಟ್ ಸಹೋದರ ಆಂದ್ರೆಯಾ ಪೊತ್ಸೊ ರೋಮಿನ ಸಾಂತ್ ಇನ್ಯಾತ್ಸಿಯೊ ಚರ್ಚಿನಲ್ಲಿ ಗುಮ್ಮಟವಿಲ್ಲದೆಡೆ ಬಟ್ಟೆಯ ಮೇಲೆ ಗುಮ್ಮಟ ಬರೆದ. ಎರಡು ಶತಮಾನಗಳಾದ ಮೇಲೆ ಅದೇ ಸಭೆಯ ಇಟಾಲಿಯನ್ ಸಹೋದರ ಆಂತೋನಿಯೊ ಮೊಸ್ಕೇನಿ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಚಾವಣಿಗಳನ್ನೆಲ್ಲ ಕಥೆಗಳಿಂದ ತುಂಬಿಸಿದ. ಶೈಲಿ ತಣ್ಣಗಾಗಿದೆ. ಖಾಲಿ ಜಾಗ ಬಿಡದೆ ಹೇಳಿಬಿಡುವ ಹಂಬಲ ಮಾತ್ರ ಹಾಗೆಯೇ ಇದೆ.

ಮತ್ತೆ ರೋಮಿಗೆ ಮರಳೋಣ. 1648ರಲ್ಲಿ ಮೂವತ್ತು ವರ್ಷಗಳ ಯುದ್ಧವನ್ನು ಮುಗಿಸಿದ ವೆಸ್ಟ್‌ಫಾಲಿಯಾ ಒಪ್ಪಂದ ಆಯಿತು. ಪೋಪ್ ಹತ್ತನೆಯ ಇನ್ನೊಸೆಂಟ್ ಅದನ್ನು ಅಸಿಂಧುವೆಂದು ಸಾರಿದರು. ಕ್ಯಾಥೊಲಿಕ್ ದೊರೆಗಳೂ ಕಿವಿಗೊಡಲಿಲ್ಲ. 1650ರಲ್ಲಿ ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್ ಇನ್ನೊಸೆಂಟರ ಭಾವಚಿತ್ರ ಬರೆದ. ಕೆಂಪು ಪರದೆ, ಕೆಂಪು ಆಸನ, ಕೆಂಪು ಮೇಲಂಗಿ, ಕೆಂಪೇರಿದ ಮುಖ. ಜೇನುಹುಳುಗಳಿಲ್ಲ, ಮೋಡಗಳಿಲ್ಲ. ಯಾರನ್ನೂ ನಂಬದ ಎರಡು ಕಣ್ಣುಗಳು ಎದುರಿದ್ದವನನ್ನು ಅಳೆಯುತ್ತಿವೆ. ಕಾರವಾಜ್ಜೊ ಯಾತ್ರಿಕನ ಅಂಗಾಲಿಗೆ ಕೊಟ್ಟ ಗಮನವನ್ನೇ ವೆಲಾಸ್ಕೆಸ್ ಈ ಮುಖಕ್ಕೆ ಕೊಟ್ಟಿದ್ದಾನೆ, ಒಂದಿಷ್ಟೂ ಹೆಚ್ಚಿಲ್ಲ. ನನ್ನ ಮಟ್ಟಿಗೆ ಬರೋಕ್ ಕಲೆಯ ಶ್ರೇಷ್ಠ ಫಲ ಇಂಥ ಸಮಾನತೆ. ಅದನ್ನು ಬೇಡಿದ ಚರ್ಚೂ ಆಸ್ಥಾನಗಳೂ ಬಯಸಿದ್ದು ಅದನ್ನಲ್ಲ.